ಕ್ಯಾನಿನ ಉಸಿರು

ಅವರು ಶುದ್ಧ ಪುಕ್ಕಲು ಮನುಷ್ಯ. ತೀರಿಕೊಂಡವರ ಬಗ್ಗೆ ಬರೆಯುವಾಗ ಧೀರ, ಶೂರ ಎಂದೆಲ್ಲ ಸೇರಿಸುವುದು ವಾಡಿಕೆ. ನಾನು ಹಾಗೆ ಬರೆದರೆ ಅವರು ಎಲ್ಲಿದ್ದರೂ ಗಾಬರಿಯಾಗಿ ಎದ್ದು ಕೂರುತ್ತಾರೆ. ಹೋದ ಶುಕ್ರವಾರ ಕೂಟಗಲ್ಲಿನ ಮನೆಯಲ್ಲಿ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಫೋನು ಮಾಡಿ ತಿಳಿಸಿದ ಅವರ ಹೆಂಡತಿ, "ಎಲ್ಲಾದ್ಕೂ ಎದ್ರುಕೊಳ್ಳೋರು, ಇದೊಂದ್ಕೆ ಎದ್ರಲಿಲ್ಲ ಕಣವ್ವ, ನಿದ್ದೇಲೇ ಹೊಂಟೋದ್ರು," ಎಂದು ಅತ್ತರು.

ಆರು ವರ್ಷದ ಹಿಂದೆ ನಾನು ತಿಪ್ಪಸಂದ್ರದ ದನದ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ಅವರು ಅಲ್ಲಿ ಪಶು ನಿರೀಕ್ಷಕರು. ಊರವರ ಬಾಯಲ್ಲಿ 'ಇನ್ಸ್‌ಪೆಕ್ಟ್ರು'. ನನಗಾಗ ಇಪ್ಪತ್ತೇಳು, ಬಾಯಿ ಜೋರು. ಅವರಿಗೆ ಐವತ್ತೈದು. ಮೊದಲ ದಿನ ನನ್ನನ್ನು ಕಂಡು ಎದ್ದು ನಿಂತವರು ಕೂರಲೇ ಇಲ್ಲ. "ಕೂತ್ಕೊಳ್ರೀ ಇನ್ಸ್‌ಪೆಕ್ಟ್ರೇ, ನಾನೇನು ಹುಲಿನಾ?" ಎಂದು ಗದರಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತರು. ಫೋನು ಹೊಡೆದುಕೊಂಡರೆ ಬೆಚ್ಚುವರು. ಮೇಲಧಿಕಾರಿಯ ಜೀಪು ಬರುತ್ತದೆಂದರೆ ಮೂರು ಸಲ ಬಚ್ಚಲಿಗೆ ಹೋಗಿ ಬರುವರು. ರಸ್ತೆ ದಾಟುವುದಂತೂ ಕಾಲು ಗಂಟೆಯ ಕೆಲಸ. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಇತ್ತ ನಮ್ಮ ಬಂಡೆಗಳನ್ನು ಒಡೆದು ಜಲ್ಲಿ ಮಾಡಿ ಟಿಪ್ಪರುಗಳಲ್ಲಿ ಅತ್ತ ಸಾಗಿಸುತ್ತಿದ್ದರು. "ಒಸಿ ತಡೀರಿ ಡಾಕ್ಟ್ರಮ್ಮ, ಇನ್ನೊಂದು ಬತ್ತಾ ಐತೆ," ಎಂದು ನನ್ನನ್ನೂ ನಿಲ್ಲಿಸಿಕೊಳ್ಳುವರು. ಕಣ್ಣು ಹಾಯುವಷ್ಟು ದೂರ ಟಿಪ್ಪರ್ ಇರುತ್ತಿರಲಿಲ್ಲ, ಎಲ್ಲೋ ಸದ್ದು ಕೇಳಿಸಿರುತ್ತಿತ್ತು ಅಷ್ಟೇ.

ಅದೇ ಮನುಷ್ಯ ಕೊಂಬು ಬೀಸುವ ಹೋರಿಯ ಪಕ್ಕಕ್ಕೆ ಹೋಗಿ ನಿಂತು ಅದರ ಕತ್ತಿನಡಿ ಜೋಲುವ ಗಂಗೆದೊಗಲು ನೇವರಿಸುತ್ತಿದ್ದರು. ಇದೇನ್ರೀ ಇನ್ಸ್‌ಪೆಕ್ಟ್ರೇ ಎಂದು ಕೇಳಿದರೆ, "ಇದುಕ್ಕೂ ನನ್ ಕಂಡ್ರೆ ಎದ್ರಿಕೆ, ನಂಗೂ ಇದನ್ ಕಂಡ್ರೆ ಎದ್ರಿಕೆ. ಇಬ್ರುದೂ ಸರಿಹೋಯ್ತಲ್ಲ," ಎನ್ನುವರು.

ಅವರ ಹೆದರಿಕೆಗಳಲ್ಲೆಲ್ಲ ದೊಡ್ಡದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿತ್ತು. ಒಂದು ಅಲ್ಯೂಮಿನಿಯಂ ಕ್ಯಾನು. ಹೊರಗಿಂದ ಡೇರಿಯ ಹಾಲಿನ ಕ್ಯಾನಿನ ಹಾಗೇ ಕಾಣುತ್ತದೆ. ಒಳಗಿರುವುದು ನೀರಿನಂತೆ ತೆಳ್ಳಗಿನ ನೈಟ್ರೋಜನ್ ದ್ರವ, ಐಸು ಅದರ ಮುಂದೆ ಬಿಸಿ ಎನ್ನಬೇಕು. ಅದರಲ್ಲಿ ಹೋರಿಗಳ ವೀರ್ಯ ತುಂಬಿದ ಸಣ್ಣ ಸ್ಟ್ರಾಗಳನ್ನು ಮುಳುಗಿಸಿ ಇಡುತ್ತೇವೆ. ಅಲ್ಲಿ ಜೀವ ಸಾಯುವುದೂ ಇಲ್ಲ, ಮಿಸುಕಾಡುವುದೂ ಇಲ್ಲ, ನಿಂತಿರುತ್ತದೆ. ಹೋರಿ ಸತ್ತು ಹತ್ತು ವರ್ಷವಾದ ಮೇಲೂ ಒಂದು ಸ್ಟ್ರಾ ತೆಗೆದು ಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಅರ್ಧ ನಿಮಿಷದಲ್ಲಿ ಎದ್ದು ಓಡಾಡುತ್ತದೆ. ಒಂದೇ ಷರತ್ತು, ನೈಟ್ರೋಜನ್ ಆರಬಾರದು. ಅದು ದಿನವೂ ಹಬೆಯಾಗಿ ಹೋಗುತ್ತಲೇ ಇರುತ್ತದೆ, ಹದಿನೈದು ದಿನಕ್ಕೊಮ್ಮೆ ಗಾಡಿ ಬಂದು ತುಂಬಿಸಬೇಕು. ಆರಿದರೆ ಒಳಗಿನದೆಲ್ಲ ಸತ್ತಂತೆ. ಸತ್ತದ್ದು ಹೊರಗಿಂದ ಗೊತ್ತೂ ಆಗುವುದಿಲ್ಲ, ಸ್ಟ್ರಾ ಹೇಗಿತ್ತೋ ಹಾಗೇ ಇರುತ್ತದೆ.

ಬೆಳಿಗ್ಗೆ ಬಂದವರು ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋಗುವರು. ಬಿರಡೆ ಎತ್ತಿ, ಒಂದು ಉದ್ದನೆಯ ತೆಳ್ಳಗಿನ ಮರದ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಹತ್ತು ಎಣಿಸಿ, ಹೊರಗೆಳೆದು ಗಾಳಿಯಲ್ಲಿ ಬೀಸುವರು. ದ್ರವ ಎಲ್ಲಿಯವರೆಗಿತ್ತೋ ಅಲ್ಲಿಯವರೆಗೆ ಕಡ್ಡಿಗೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ಅದನ್ನು ಬೆರಳಿನಿಂದ ಅಳೆದು, ಬಿರಡೆಯ ಸಂದಿಯಿಂದ ಬರುವ ಹಬೆ ನೋಡಿ, "ಉಸಿರಾಡ್ತಾ ಐತೆ," ಎಂದು ಯಾರಿಗೋ ವರದಿ ಒಪ್ಪಿಸುವವರಂತೆ ಹೇಳುವರು. ವಾರಕ್ಕೊಂದು ಸಲ ಅಳೆದರೆ ಸಾಕು. ಅವರು ದಿನಕ್ಕೆರಡು ಸಲ ಅಳೆಯುತ್ತಿದ್ದರು. ಭಾನುವಾರ ಬಸ್ಸು ಹತ್ತಿ ಬಂದು ಅಳೆದು ಹೋಗುತ್ತಿದ್ದರು. ನಾನು ಹಿಂದಿನಿಂದ ನಗುತ್ತಿದ್ದೆ.

ಆ ಕ್ಯಾನಿನಲ್ಲಿ ಬೇರೆಯವುಗಳ ಜೊತೆ ಆರು ಸ್ಟ್ರಾಗಳಿದ್ದವು. ಹೊನ್ನಯ್ಯ ಎಂಬ ರೈತರ ಹಳ್ಳಿಕಾರ್ ಹೋರಿಯವು. ಆ ಹೋರಿಯನ್ನು ಒಂದಷ್ಟು ದಿನ ವೀರ್ಯ ತೆಗೆಯುವ ಕೇಂದ್ರಕ್ಕೆ ಕರೆದೊಯ್ದಿದ್ದರು. ಅಲ್ಲಿ ಉಳಿದ ಕೊನೆಯ ಆರನ್ನು ಇನ್ಸ್‌ಪೆಕ್ಟ್ರು ಕಾಡಿ ಬೇಡಿ ನಮ್ಮ ಆಸ್ಪತ್ರೆಗೆ ತಂದಿದ್ದರು. ಹೋರಿ ಮನೆಗೆ ವಾಪಸಾದ ವರ್ಷವೇ ನೀರಿಗೆ ಹೋಗುವಾಗ ಟಿಪ್ಪರ್ ಹೊಡೆದು ಸತ್ತಿತು. ಹೋಬಳಿಯಲ್ಲಿ ಆ ಬೂದು ಮೈ, ಹಿಂದಕ್ಕೆ ಬಾಗಿದ ಆ ಉದ್ದನೆ ಕೊಂಬು ಇದ್ದ ಬೀಜದ ಹೋರಿ ಅದೊಂದೇ ಉಳಿದಿದ್ದದ್ದು. ಹೊನ್ನಯ್ಯ ಆಸ್ಪತ್ರೆಗೆ ಬಂದಾಗಲೆಲ್ಲ ಕ್ಯಾನಿನ ಮುಂದೆ ಟವಲು ತೆಗೆದು ನಿಂತು, "ನಮ್ ಬಸ್ವ ಹೆಂಗವ್ನೆ?" ಎನ್ನುತ್ತಿದ್ದರು. "ಅವ್ನೆ ಅವ್ನೆ," ಎನ್ನುತ್ತಿದ್ದರು ಇವರು.

ಇಷ್ಟೊಂದು ಯಾಕ್ರೀ ಹಚ್ಚಿಕೊಂಡಿದ್ದೀರಿ ಎಂದು ಒಂದು ದಿನ ಕೇಳಿಯೇಬಿಟ್ಟೆ. ಗೋಡೆಯ ಮೊಳೆಗೆ ನೇತುಹಾಕಿದ್ದ ದೊಡ್ಡ ಇಕ್ಕಳವನ್ನು ತೋರಿಸಿದರು. ಹೋರಿ ಕರುಗಳ ಬೀಜ ಒಡೆದು ಎತ್ತು ಮಾಡುವ ಇಕ್ಕಳ.

"ಮೂವತ್ ವರ್ಸದಿಂದ ಅದನ್ ಹಿಡ್ದಿದೀನಿ ಡಾಕ್ಟ್ರಮ್ಮ. ಗಾಡಿಗೆ ನೇಗ್ಲುಗೆ ಎತ್ ಬೇಕಲ್ಲ, ಒಳ್ಳೊಳ್ಳೆ ಕರಾನೇ ಹುಡುಕ್ಕಂಡ್ ತರೋರು. ಪೀಚಲ ಕರಾನ ಯಾರ್ ತತ್ತಾರೆ? ಜಾತಿ ಕರ, ಮೈ ನೋಡುದ್ರೆ ಕಣ್ ತುಂಬ್ಬೇಕು, ಅಂತಾವ್ನೆಲ್ಲ ನಾನೇ ಮುಗಿಸ್ಬುಟ್ಟೆ. ಈಗ ಟ್ಯಾಕ್ಟ್ರು ಬಂದೈತೆ. ಎತ್ತೂ ಬ್ಯಾಡ. ಹೋರಿ ಎಲ್ಲವ್ವೆ ಅಂತ ನೋಡುದ್ರೆ ಒಂದೂ ಇಲ್ಲ." ಕೈ ಎರಡನ್ನೂ ನೋಡಿಕೊಂಡರು. "ತಿರ್ಗಾ ಅದೇ ಕೈಯಾಗೆ ಈ ಆರೂ ಹೋದ್ರೆ ಏನ್ ಗತಿ?"

ಅಂದಿನಿಂದ ಹಿಂದೆ ನಿಂತು ನಗುವುದನ್ನು ಬಿಟ್ಟೆ. ಆದರೆ ಅವರನ್ನು ಅರ್ಥ ಮಾಡಿಕೊಂಡೆ ಎಂದು ಸುಳ್ಳು ಹೇಳುವುದಿಲ್ಲ.

ಮಾರನೆಯ ವರ್ಷದ ಬೇಸಿಗೆ. ಅವರು ನೆಂಟರ ಮನೆಯ ಕಾರ್ಯಕ್ಕೆಂದು ಎರಡು ದಿನ ರಜೆ ಹಾಕಿದ್ದರು. ಮೂರನೇ ದಿನ ಮಧ್ಯಾಹ್ನ ಬಸ್ಸಿಳಿದು ನೇರ ಹಿಂದಿನ ಕೋಣೆಗೆ ಹೋದವರು, ಒಳಗೆ ಕಾಲಿಟ್ಟ ಕ್ಷಣಕ್ಕೇ ಹಿಮ್ಮೆಟ್ಟಿ ಹೊರಗೆ ಬಂದರು.

"ಡಾಕ್ಟ್ರಮ್ಮ, ಕ್ಯಾನು ಉಸಿರಾಡ್ತಿಲ್ಲ."

ಬಾಗಿಲಲ್ಲಿ ನಿಂತು ನೋಡಿದೆ. ಕ್ಯಾನಿನ ಬಾಯಿಗೆ ಬಿರಡೆ ಇರಲಿಲ್ಲ. ಬದಲಿಗೆ ಯಾರೋ ಗೋಣಿಚೀಲದ ತುಂಡೊಂದನ್ನು ತುರುಕಿ ಹುರಿಯಿಂದ ಬಿಗಿದಿದ್ದರು. ಗೋಣಿ ಬೆಳ್ಳಗೆ ಕಲ್ಲಾಗಿತ್ತು. ಹಬೆ ಒಂದೆಳೆಯೂ ಇಲ್ಲ, ಸದ್ದೂ ಇಲ್ಲ.

ನಮ್ಮ ಆಸ್ಪತ್ರೆಯ ಅಟೆಂಡರ್ ಶಿವಣ್ಣ ಅಕ್ಕೂರಿನವನು, ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವನು. "ಏನ್ಲಾ ಮಾಡ್ದೆ ಶಿವಣ್ಣ?" ಎಂದು ಇವರು ಕೇಳಿದ ದನಿಗೇ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬಿರಡೆ ಒಡ್ದೋಯ್ತು ಸಾ. ಉಸಿರೆಲ್ಲ ಆಚೆ ಹೋಯ್ತಿತ್ತು, ನೀವೂ ಊರಲ್ಲಿರ್ನಿಲ್ಲ. ಮೊನ್ನೆ ಗೋಣಿ ನೆನಸಿ ಬಿಗಿಯಾಗ್ ತುರುಕ್ದೆ. ಬ್ಯಾಸ್ಗೇಲಿ ಹುಳದ ಮನೆಗೆ ಒದ್ದೆ ಗೋಣಿ ಕಟ್ಟಕಿಲ್ವಾ, ತಂಪಾಗಿರ್ಲಿ ಅಂತ? ಅಂಗೇ ಕಟ್ದೆ. ಒಳ್ಳೇದ್ ಮಾಡಾಣ ಅಂತ ಮಾಡ್ದೆ ಸಾ."

ನೀರಲ್ಲಿ ನೆಂದ ಗೋಣಿ ಆ ಚಳಿಗೆ ಗಡ್ಡೆ ಕಟ್ಟಿ ಕ್ಯಾನಿನ ಕತ್ತನ್ನು ಪೂರಾ ಮುಚ್ಚಿಬಿಟ್ಟಿತ್ತು. ಒಳಗೆ ನೈಟ್ರೋಜನ್ ಎರಡು ದಿನದಿಂದ ಕುದಿಯುತ್ತಲೇ ಇದೆ, ಹಬೆಗೆ ದಾರಿ ಇಲ್ಲ. ಹಾಗೇ ಬಿಟ್ಟರೆ ಯಾವ ಗಳಿಗೆಯಲ್ಲಾದರೂ ಕ್ಯಾನು ಬಾಂಬಿನಂತೆ ಸಿಡಿಯಬಹುದು. ಕೈ ಹಾಕಿ ಕೀಳಲು ಹೋದರೆ ಮುಖಕ್ಕೇ ಸಿಡಿಯಬಹುದು. ಇದನ್ನೆಲ್ಲ ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದವಳು ನಾನು. ಎರಡು ದಿನ ಆ ಕೋಣೆಯ ಮುಂದೆಯೇ ಓಡಾಡಿದ್ದೆ, ಒಮ್ಮೆಯೂ ಒಳಗೆ ಇಣುಕಿರಲಿಲ್ಲ.

ದನ ಹಿಡಿದು ನಿಂತಿದ್ದವರನ್ನೆಲ್ಲ ರಸ್ತೆಯಾಚೆಗೆ ಕಳಿಸಿದೆವು. ಶಿವಣ್ಣ ಅಳುತ್ತ ಓಡಿದ. ಅಂಗಳದ ಕೊನೆಯ ಹುಣಸೆ ಮರದ ಹತ್ತಿರ ನಾವಿಬ್ಬರೇ ನಿಂತೆವು. ಅಧಿಕಾರಿ ನಾನು, ಮುಂದೆ ಹೋಗಬೇಕಾದವಳೂ ನಾನೇ. ನನ್ನ ಕಾಲು ಕಿತ್ತಿಡಲು ಬರಲಿಲ್ಲ.

"ಬಿಟ್ಬಿಡಿ ಇನ್ಸ್‌ಪೆಕ್ಟ್ರೇ, ಸಿಡಿದ್ರೆ ಸಿಡೀಲಿ, ಹೋದ್ರೆ ಹೋಗ್ಲಿ," ಎಂದೆ ಹೇಗೋ.

"ಆರವೆ ಡಾಕ್ಟ್ರಮ್ಮ ಅದ್ರಾಗೆ," ಎಂದರು.

ಕಾಯಿ ಕೀಳುವ ಉದ್ದನೆಯ ಬಿದಿರು ಗಳ ಅಲ್ಲೇ ಗೋಡೆಗೆ ಒರಗಿತ್ತು. ಅದರ ತುದಿಗೆ ನಲ್ಲಿಯ ರಬ್ಬರ್ ಪೈಪನ್ನು ಕಟ್ಟಿದರು. ಗಂಟು ಹಾಕುವುದಕ್ಕೆ ನಾಲ್ಕು ಸಲ ಬೇಕಾಯಿತು. "ನಂಗೆ ತುಂಬಾ ಎದ್ರಿಕೆ ಆಯ್ತಾ ಐತೆ. ನೀವ್ ಮಾತ್ರ ಈ ಮರ ಬುಟ್ಟು ಬರ್ಬ್ಯಾಡಿ," ಎಂದು ಹೇಳಿ, ನಲ್ಲಿ ತಿರುಗಿಸಿ, ಬಗ್ಗಿಕೊಂಡು ಹೋಗಿ ಹಿಂದಿನ ಗೋಡೆಗೆ ಅಂಟಿ ಕಿಟಕಿಯ ಕೆಳಗೆ ಕೂತರು. ಕಿಟಕಿಯ ಸರಳಿನ ನಡುವೆ ಗಳ ತೂರಿಸಿ, ಕ್ಯಾನಿನ ಕತ್ತಿನ ಮೇಲೆ ನೀರು ಬಿಡತೊಡಗಿದರು. ಬಿಸಿಲಿಗೆ ಕಾದ ತೊಟ್ಟಿಯ ನೀರು. ನಾನು ಹುಣಸೆ ಮರವನ್ನು ತಬ್ಬಿಕೊಂಡಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣು ಮುಚ್ಚಿದ್ದೆ. ಇಡೀ ಆಸ್ಪತ್ರೆಯಲ್ಲಿ ಆ ನೀರು ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವರು ಏನೋ ಗೊಣಗುತ್ತಿದ್ದರು. ದೇವರ ಹೆಸರಿರಬೇಕೆಂದು ಕಿವಿಗೊಟ್ಟರೆ, "ಎದ್ರುಸ್ಬ್ಯಾಡ ಕಣೋ, ಎದ್ರುಸ್ಬ್ಯಾಡ ಕಣೋ," ಎಂದು ಕ್ಯಾನಿಗೇ ಹೇಳುತ್ತಿದ್ದರು.

ಢಂ ಎಂದಿತು. ಗೋಣಿಯ ಗಡ್ಡೆ ಹಾರಿ ಮೇಲಿನ ಶೀಟು ಒಡೆದುಕೊಂಡು ಹೋಯಿತು. ಕಿಟಕಿಯಿಂದ ಬಿಳಿ ಹಬೆ ನುಗ್ಗಿ ಅವರು ಕಾಣದಾದರು. ನಾನು ಅವರ ಹೆಸರು ಹಿಡಿದು ಕೂಗಿದೆ. ಅದುವರೆಗೆ ಹೆಸರು ಹಿಡಿದು ಕರೆದಿರಲಿಲ್ಲ. ಹಬೆ ಚದುರಿದಾಗ ಅವರು ಗೋಡೆಯ ಬುಡದಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದರು. ಪಂಚೆ ಒದ್ದೆಯಾಗಿತ್ತು. ಪೈಪಿನ ನೀರಿಗೋ ಇನ್ಯಾತಕ್ಕೋ, ನಾನು ಕೇಳಲಿಲ್ಲ.

ಕೋಣೆಯ ಗಾಳಿ ತಿಳಿಯಾದ ಮೇಲೆ ಕಡ್ಡಿ ಇಳಿಸಿದರು. ಎರಡು ಬೆರಳಿನಷ್ಟೇ ಹಿಮ ಕಟ್ಟಿತು. ಸ್ಟ್ರಾಗಳ ಬುಡ ಮುಳುಗಿತ್ತು, ತಲೆ ಹೊರಗಿತ್ತು. ಕೂಡಲೇ ಶಿವಣ್ಣನ ಮೊಪೆಡ್ಡಿನ ಹಿಂದೆ ಕೂತು, ಸಣ್ಣ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಮಾಗಡಿಗೆ ಹೋಗಿ ನೈಟ್ರೋಜನ್ ತಂದರು. ದಾರಿಯುದ್ದಕ್ಕೂ ಟಿಪ್ಪರುಗಳು. "ಕಣ್ ಮುಚ್ಕಂಡೇ ಕೂತಿದ್ರು, ಬುಟ್ಟೇ ಇಲ್ಲ," ಎಂದು ಶಿವಣ್ಣ ಹೇಳಿದ. ಅವನಿಗೆ ಇವರು ಒಂದು ಬೈಗುಳವನ್ನೂ ಬೈಯಲಿಲ್ಲ.

ಆಮೇಲೆ ಶುರುವಾದದ್ದು ನಿಜವಾದ ಭಯ. ಆ ಆರರಲ್ಲಿ ಜೀವ ಉಳಿದಿದೆಯೋ ಹೋಗಿದೆಯೋ? ತಿಳಿಯಲು ಒಂದೇ ದಾರಿ. ಒಂದು ಸ್ಟ್ರಾ ತೆಗೆದು ಬೆಚ್ಚಗೆ ಮಾಡಿ ಮೈಕ್ರೋಸ್ಕೋಪಿನ ಕೆಳಗೆ ನೋಡಬೇಕು. ಒಮ್ಮೆ ಎಬ್ಬಿಸಿದ್ದನ್ನು ಮತ್ತೆ ಮಲಗಿಸುವಂತಿಲ್ಲ. ಬೆದೆಗೆ ಬಂದ ಹಸು ಬಾಗಿಲಲ್ಲಿ ಇಲ್ಲದಿದ್ದರೆ ಅದು ದಂಡ. "ಒಂದೇ ಒಂದು ನೋಡೋಣ," ಎಂದೆ. "ಬ್ಯಾಡಿ," ಎಂದರು. ತಿಂಗಳು ಬಿಟ್ಟು ಕೇಳಿದೆ. "ಬ್ಯಾಡಿ ಡಾಕ್ಟ್ರಮ್ಮ." ನನಗೆ ಸಿಟ್ಟು ಬಂತು. "ಏನ್ರೀ ಇದು? ಹೆಣ ಕಾಯ್ತಾ ಕೂತಿದ್ದೀರೇನೋ, ಗೊತ್ತಾಗೋದಾದ್ರೂ ಬೇಡ್ವಾ?" ಅವರು ಕಡ್ಡಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದರು. ಎರಡು ವರ್ಷ ಹಾಗೇ ಕಾದರು. ಹೊನ್ನಯ್ಯ ಬಂದು ಬಸ್ವ ಹೆಂಗವ್ನೆ ಎಂದರೆ "ಅವ್ನೆ" ಎನ್ನುವ ದನಿ ಮೊದಲಿನಷ್ಟು ಬೇಗ ಬರುತ್ತಿರಲಿಲ್ಲ.

ಅವರ ಬೆರಳಿನಲ್ಲಿ ಒಂದು ಹವಳದ ಉಂಗುರವಿತ್ತು, ಕುಜನ ಕಾಟಕ್ಕೆಂದು ಯಾರೋ ಹಾಕಿಸಿದ್ದು. ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಾಗ, ನಾನು ಓದಿದ್ದ ಒಂದು ಲೇಖನದ ವಿಷಯ ಹೇಳಿದೆ. ಸಮುದ್ರದಲ್ಲಿ ಹವಳದ ಬಂಡೆಗಳಿವೆ, ಅವು ಕಲ್ಲಲ್ಲ, ಪುಟ್ಟ ಪುಟ್ಟ ಪ್ರಾಣಿಗಳು ಕಟ್ಟಿದ್ದು. ಸಮುದ್ರ ಬಿಸಿಯಾಗಿ ಅವು ಸಾಯುತ್ತಿವೆ. ಅಳಿದೇ ಹೋದಾವೆಂದು ಅವುಗಳ ಬೀಜವನ್ನು ನಮ್ಮ ಕ್ಯಾನಿನ ಹಾಗೇ ಹೆಪ್ಪುಗಟ್ಟಿಸಿ ಇಡಲು, ಮತ್ತೆ ಎಬ್ಬಿಸಲು ನೋಡುತ್ತಿದ್ದಾರೆ, ಎಂದು. ಅವರು ಉಂಗುರದ ಬೆರಳನ್ನು ಮೈಯಿಂದ ದೂರ ಹಿಡಿದರು.

"ಇದುಕ್ ಜೀವ ಇತ್ತಾ?"

"ಇತ್ತು. ಇದೂ ಅವುಗಳ ದಾಯಾದಿಯೇ."

"ಅಯ್ಯಯ್ಯೋ, ಇಷ್ಟ್ ವರ್ಸ ಇದನ್ ಬೆಳ್ಳಲ್ಲಿ ಇಕ್ಕಂಡು ಅನ್ನ ಉಂಡ್ನಲ್ಲ!" ಉಂಗುರ ಬಿಚ್ಚಿದರು. ಬಿಚ್ಚಿದ ಮೇಲೆ ಕುಜನ ನೆನಪಾಯಿತು, ಮತ್ತೆ ಹಾಕಿಕೊಂಡರು. ಸಂಜೆಯೊಳಗೆ ಹೀಗೆ ಐದಾರು ಸಲ ಆಯಿತು, ಕೊನೆಗೆ ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡರು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು. ಮನೆಗೆ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು: "ಆ ಸಮುದ್ರದ ಡಾಕ್ಟ್ರುಗೂ ಎದ್ರಿಕೆ ಆಯ್ತದಾ ಡಾಕ್ಟ್ರಮ್ಮ, ಮುಚ್ಚುಳ ತಗ್ಯಾವಾಗ?"

"ನನಗೇನ್ರೀ ಗೊತ್ತು?"

"ಆಯ್ತದೆ ಬುಡಿ. ಆಗ್ದೇ ಇರಾಕಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ಬಸ್ಸಿಗೆ ಹೋದರು.

ನಿವೃತ್ತಿಗೆ ನಾಲ್ಕು ದಿನ ಉಳಿದಿದ್ದಾಗ ಹೊನ್ನಯ್ಯ ಬೆಳಿಗ್ಗೆಯೇ ಒಂದು ಹಸು ಹೊಡೆದುಕೊಂಡು ಬಂದರು. ಜಾತಿ ಹಳ್ಳಿಕಾರ್ ಹಸು, ಹೊರಗಿನಿಂದ ತಂದದ್ದು, ಬೆದೆಗೆ ಬಂದಿತ್ತು.

"ಇನ್ಸ್‌ಪೆಕ್ಟ್ರೇ, ನಮ್ ಬಸ್ವಂದು ಹಾಕಿ. ರಸ್ತೆ ಪಕ್ಕದ ಹೊಲ ಕಾರ್ಖಾನೆ ಶೆಡ್ಡಿಗೆ ಕೇಳ್ತಾವ್ರೆ, ಮಕ್ಕಳು ಕೊಟ್ಬುಡವಾ ಅಂತಾವ್ರೆ. ಬಸ್ವನ ಕರ ಆಯ್ತದೆ ಅಂದ್ರೆ ಮೇವ್ಗಾದ್ರೂ ಹೊಲ ಉಳುಸ್ಕತೀನಿ. ಆಗಕಿಲ್ಲ ಅಂದ್ರೆ ಹಸಾನೂ ಮಾರಿ ಕೈ ತೊಳ್ಕತೀನಿ. ಯೋಳಿ, ಅವ್ನಾ ಇಲ್ವಾ?"

ಈ ಸಲ 'ಅವ್ನೆ' ಎಂಬ ಮಾತು ಹೊರಡಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಫ್ಲಾಸ್ಕಿನ ಬಿಸಿನೀರು ಲೋಟಕ್ಕೆ ಬಗ್ಗಿಸಿ ಹದ ಮಾಡಿದೆ. ಅವರು ಸಣ್ಣ ಚಿಮಟದಲ್ಲಿ ಒಂದು ಸ್ಟ್ರಾ ಎತ್ತಿ ನೀರಿಗೆ ಬಿಟ್ಟರು. ಅರ್ಧ ನಿಮಿಷ ಅವರು ಬಾಯಿಯಲ್ಲೇ ಎಣಿಸಿದರು, ನನ್ನ ಗಡಿಯಾರವನ್ನು ನಂಬಲಿಲ್ಲ. ಒಂದು ತೊಟ್ಟು ಗಾಜಿನ ಮೇಲಿಟ್ಟು, "ನೀವ್ ನೋಡಿ, ನನ್ ಕೈಲಾಗಕಿಲ್ಲ," ಎಂದು ಗೋಡೆ ಕಡೆ ತಿರುಗಿ ನಿಂತರು.

ನಾನು ಬಗ್ಗಿದೆ. ಮೊದಲು ಬರೀ ಮಸುಕು. ಮೈಕ್ರೋಸ್ಕೋಪಿನ ತಿರುಪು ತಿರುಗಿಸಿದೆ. ಚುಕ್ಕಿಗಳು ಕಂಡವು, ಒಂದೂ ಅಲುಗುತ್ತಿಲ್ಲ. ಗಾಜನ್ನು ಚೂರು ಸರಿಸಿದೆ. ಅಲ್ಲೊಂದು ಬಾಲ ಮಿಸುಕಿತು. ಇನ್ನೊಂದು. ಇನ್ನಷ್ಟು ಸರಿಸಿದೆ. ಓಡುತ್ತಿದ್ದವು, ಅಡ್ಡಾದಿಡ್ಡಿ, ಒಂದರ ಮೈಮೇಲೊಂದು. ಎಲ್ಲವೂ ಅಲ್ಲ, ಅರ್ಧದಷ್ಟು. ಅರ್ಧ ಸಾಕು. ಖಾತ್ರಿಗೆಂದು ಗಾಜನ್ನು ಮತ್ತೆ ಮತ್ತೆ ಸರಿಸಿ ನೋಡಿದೆ. ಇಷ್ಟು ಹೊತ್ತಾಯಿತೆಂದರೆ ಸತ್ತಿವೆಯೆಂದೇ ತಿಳಿದು ಅವರು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದು ಕೂತರು.

"ಬದುಕಿವೆ ಕಣ್ರೀ," ಎಂದು ಕಿರುಚಿದೆ. "ಎದ್ದು ಬಂದು ನೋಡ್ರೀ!"

ನೋಡಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಹಸು ಕಾಯುತ್ತಿದೆ ಎಂದು ನಾನೇ ಭುಜ ಅಲುಗಿಸಬೇಕಾಯಿತು. ಉಳಿದದ್ದನ್ನು ಹಸುವಿಗೆ ಹಾಕಿ ಕೈ ತೊಳೆದು ಬಂದು ಕೂತಾಗ ಅವರ ಮುಖದಲ್ಲಿ ನೆಮ್ಮದಿ ಇರಬೇಕಿತ್ತು. ಇರಲಿಲ್ಲ.

"ಸತ್ತೋಗವೆ ಅಂತ ಒಳ್ಗೇ ಲೆಕ್ಕ ಹಾಕ್ಬುಟ್ಟಿದ್ದೆ ಡಾಕ್ಟ್ರಮ್ಮ. ಸತ್ತಿದ್ರೆ ಪೆನ್ಷನ್ ತಕಂಡು ಆರಾಮಾಗ್ ಹೊಯ್ತಿದ್ದೆ. ಈಗ ನೋಡಿ, ಇನ್ನೂ ಐದು ಬದುಕವೆ. ನಾಕ್ ದಿನುಕ್ಕೆ ನಾನ್ ಮನೇಗ್ ಹೋಯ್ತೀನಿ. ಹೆಂಗ್ ನಿದ್ದೆ ಮಾಡ್ಲಿ?"

ಕೊನೆಯ ದಿನ ಹಾರ ಹಾಕಿ, ಶಾಲು ಹೊದಿಸಿ, ಖಾರ ಬೂಂದಿ ಕಾಫಿ ಆಯಿತು. ಎಲ್ಲರೂ ಹೋದ ಮೇಲೆ ಅವರು ಕೊರಳಿನ ಹಾರ ತೆಗೆಯದೆಯೇ ನನ್ನನ್ನು ಹಿಂದಿನ ಕೋಣೆಗೆ ಕರೆದರು. ಕಡ್ಡಿ ಅವರ ಕೈಯಲ್ಲಿತ್ತು.

"ಡಾಕ್ಟ್ರಮ್ಮ, ಇದನ್ ಕಂಡ್ರೆ ನಿಮ್ಗೆ ಎದ್ರಿಕೆ ಐತಾ?"

ಧೈರ್ಯ ಹೇಳೋಣವೆಂದು, "ಇಲ್ಲಾರೀ, ನಾನು ನೋಡ್ಕೋತೀನಿ, ನೀವು ನಿಶ್ಚಿಂತೆಯಾಗಿ ಹೋಗಿ," ಎಂದೆ.

ಕಡ್ಡಿಯನ್ನು ಹಿಂದಕ್ಕೆ ಎಳೆದುಕೊಂಡರು. "ಅಂಗಾರೆ ಕೊಡಕಿಲ್ಲ."

ಆ ಪುಕ್ಕಲು ಮನುಷ್ಯ ತನ್ನ ಮೇಲಧಿಕಾರಿಗೆ ಇಲ್ಲ ಎಂದದ್ದು ಅದೊಂದೇ ಸಲ. ನಾನು ಹುಣಸೆ ಮರ ತಬ್ಬಿಕೊಂಡದ್ದನ್ನು ಹೇಳಿದೆ. ಕಣ್ಣು ಮುಚ್ಚಿದ್ದನ್ನು, ಅದಾದ ಮೇಲೆ ಆ ಕೋಣೆಯ ಮುಂದೆ ಹಾಯುವಾಗಲೆಲ್ಲ ಉಸಿರು ಬಿಗಿ ಹಿಡಿಯುವುದನ್ನು, ಗಾಡಿ ಒಂದು ದಿನ ತಡವಾದರೆ ಅನ್ನ ಇಳಿಯದ್ದನ್ನು ಹೇಳಿದೆ. "ಆಗ್ತದೆ ಇನ್ಸ್‌ಪೆಕ್ಟ್ರೇ. ತುಂಬಾ ಹೆದರಿಕೆ ಆಗ್ತದೆ," ಎಂದೆ. ಎರಡೂ ಕೈಯಲ್ಲಿ ಕಡ್ಡಿಯನ್ನು ನನಗೆ ಕೊಟ್ಟರು.

ಹಸು ಗಬ್ಬ ಕಟ್ಟಿತು. ಗಂಡು ಕರು. ಬೂದು ಬಣ್ಣ ಬರುವ ಹೊತ್ತಿಗೆ ಅವರು ಕೂಟಗಲ್ಲಿನಿಂದ ಬಂದು ನೋಡಿ ಹೋದರು. ಕರು ಹತ್ತಿರ ಬಂದರೆ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು, ಮುಟ್ಟಲಿಲ್ಲ. ಹೊನ್ನಯ್ಯ ಆ ಹೊಲ ಮಾರಿಲ್ಲ, ಇನ್ನೂ ಹುಲ್ಲು ಬೆಳೆಯುತ್ತಿದ್ದಾರೆ. ಇನ್ನೆರಡು ಹಸುಗಳಿಗೆ ಹಾಕಿದ ಮೇಲೆ ಕ್ಯಾನಿನಲ್ಲಿ ಈಗ ಮೂರು ಉಳಿದಿವೆ.

ಶುಕ್ರವಾರ ಫೋನು ಬಂದ ಮೇಲೆ ಕೂಟಗಲ್ಲಿಗೆ ಹೊರಡುವ ಮುಂಚೆ ಹಿಂದಿನ ಕೋಣೆಗೆ ಹೋಗಿ ಕಡ್ಡಿ ಇಳಿಸಿದೆ. ಹತ್ತು ಎಣಿಸಿ, ಎತ್ತಿ ಬೀಸಿದೆ. ಅರ್ಧಕ್ಕಿಂತ ಮೇಲಿತ್ತು. ಉಸಿರಾಡ್ತಾ ಐತೆ, ಎಂದು ಯಾರೂ ಇಲ್ಲದ ಕೋಣೆಗೆ ಹೇಳಿದೆ. ಅವರ ಅಂಗಳದಲ್ಲೂ ಅದೇ ಮಾತನ್ನು ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಸುತ್ತ ಕೂತಿದ್ದ ಹೆಂಗಸರು ಮಂತ್ರವೋ ಏನೋ ಎಂದುಕೊಂಡರು.

ಬರುವ ತಿಂಗಳು ನನಗೆ ವರ್ಗ. ನನ್ನ ಜಾಗಕ್ಕೆ ಬರುವ ಡಾಕ್ಟರ ಬಗ್ಗೆ ವಿಚಾರಿಸಿದೆ. ಒಳ್ಳೆಯವರಂತೆ, ಚುರುಕಂತೆ, ಯಾವುದಕ್ಕೂ ಹೆದರುವವರೇ ಅಲ್ಲವಂತೆ. ಕೇಳಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ.